ಕೊಡದೆ ಉಳಿದದ್ದು

ಕಳೆದ ಆಷಾಢದಲ್ಲಿ ನನ್ನ ತಮ್ಮನ ಮಗಳು ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಬಂದಾಗ ಬಟ್ಟೆಯ ಚೀಲದ ಜೊತೆ ಒಂದು ದೊಡ್ಡ ಖಾಲಿ ಡಬ್ಬವನ್ನೂ ತಂದಿದ್ದಳು. ಹಾಸ್ಟೆಲಿಗೆ ಕೋಡುಬಳೆ ತುಂಬಿಸಿಕೊಂಡು ಹೋಗುವುದಕ್ಕೆ ಇರಬೇಕು ಅಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ವಿಷಯ ತಿಳಿಯಿತು. "ಅತ್ತೆ, ವಿಜಯಪುರದ ಕಡೆ ಅಜ್ಜಿ ತವರಿನೋರು ಇನ್ನೂ ಹುಳು ಸಾಕ್ತಾರಲ್ವಾ? ನಂಗೆ ಒಂದರ್ಧ ಕೆಜಿ ಗೂಡು ಬೇಕು. ಹೊಸದು, ಬಿಸಿಲಿಗೆ ಹಾಕದೆ ಇರೋದು" ಎಂದಳು.

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ರೇಷ್ಮೆ ಎಂದರೆ ಸಡಗರವಲ್ಲ, ಅನ್ನ. ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತರೆ ಮಕ್ಕಳಿಗೆ ಎಚ್ಚರವಾಗುತ್ತದೆ. ಆದರೆ ನಾವು ನೋಡುವುದೆಲ್ಲ ಹುರಿ ಮಾಡಿದ, ಬಣ್ಣ ಹಾಕಿದ ನೂಲು. ಗೂಡನ್ನು ಕೇಳುವವರು ನಮ್ಮಲ್ಲಿಲ್ಲ. ಸೀರೆ ನೇಯುವ ಮನೆಯ ಮಗಳು, ಓದಿ ಸಂಶೋಧನೆಗೆಂದು ಹೋದವಳು, ಗೂಡು ಯಾಕೆ ಕೇಳುತ್ತಾಳೆ?

ಮರುದಿನ ಇಬ್ಬರೂ ಬಸ್ಸು ಹತ್ತಿ ಹೋದೆವು. ಅಮ್ಮನ ತವರಿನ ಆ ಮನೆಯಲ್ಲಿ ಈಗಲೂ ಹಜಾರದ ಅರ್ಧ ಹುಳುವಿಗೇ ಮೀಸಲು. ನಾಲ್ಕು ಜ್ವರ ದಾಟಿ ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟಿದ್ದರು. ಪಕ್ಕದ ಚಂದ್ರಿಕೆಯಲ್ಲಿ ಗೂಡು ಕಟ್ಟಿ ಮುಗಿದಿತ್ತು. ಹುಡುಗಿ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿದಳು. ಅಮ್ಮನೂ ಹೀಗೆಯೇ ಅಲ್ಲಾಡಿಸಿ ನೋಡುತ್ತಿದ್ದಳು. ಅದನ್ನು ನೋಡಿದಾಗ ನನಗೆ ಎದೆಯೊಳಗೆ ಒಂದು ಥರ ಆಯಿತು. ಯಾಕೆಂದು ಮುಂದೆ ಹೇಳುತ್ತೇನೆ.

ಮನೆಗೆ ಬಂದಾಗ ತಮ್ಮ ಡಯಾಲಿಸಿಸ್ ಮುಗಿಸಿಕೊಂಡು ಬಂದು ಮಲಗಿದ್ದ. ವಾರಕ್ಕೆ ಎರಡು ಸಲ, ನಾಲ್ಕು ನಾಲ್ಕು ಗಂಟೆ. ಬಂದ ದಿನ ಅವನಿಗೆ ಮಾತು ಬೇಡ. ಆದರೆ ಮಗಳ ಡಬ್ಬ ನೋಡಿ ಎದ್ದು ಕೂತ. "ಇದನ್ನ ಏನ್ ಮಾಡ್ತೀಯಮ್ಮ?"

ಅವಳು ಹೇಳಿದಳು. ಗೂಡನ್ನು ಕತ್ತರಿಸಿ ಒಳಗಿನ ಹುಳು ತೆಗೆಯುವುದು. ಚೂರುಗಳನ್ನು ಸೋಡದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಅಂಟು ಬಿಡಿಸುವುದು.

"ಸೋಪು ಹಾಕಲ್ವಾ?"

"ಇಲ್ಲಪ್ಪ, ಸೋಡ ಅಷ್ಟೆ."

"ನೀರು ಒಂದ್ಸಲ ಬದಲಾಯಿಸು. ಅಂಟು ಉಳ್ಕೊಂಡ್ರೆ ಕೈಗೇ ಗೊತ್ತಾಗುತ್ತೆ, ಕರಕರ ಅನ್ನುತ್ತೆ." ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಯಜಮಾನಿಕೆ ಕೇಳಿಸಿತು.

ಅಂಟು ಹೋದ ಮೇಲೆ ಉಳಿಯುವ ಬಿಳಿ ನಾರಿನಂಥದ್ದು ಫೈಬ್ರಾಯಿನ್ ಎಂಬ ಪ್ರೋಟೀನು. ಅದನ್ನು ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ ಗಾಢ ದ್ರಾವಣದಲ್ಲಿ ಹಾಕಿ ಬಿಸಿಯಲ್ಲಿಟ್ಟರೆ ರೇಷ್ಮೆ ಕರಗಿಯೇಹೋಗುತ್ತದಂತೆ. ನೂರಾರು ವರ್ಷ ಬಾಳುವ ಎಳೆ, ನಾಲ್ಕು ಗಂಟೆಯಲ್ಲಿ ಜೇನುತುಪ್ಪದಂಥ ನೀರು. ಆಮೇಲೆ ಆ ಉಪ್ಪನ್ನು ಹೊರಗೆ ತೆಗೆಯಬೇಕು. ತೆಳುವಾದ ಪೊರೆಯ ಚೀಲದಲ್ಲಿ ಆ ದ್ರಾವಣವನ್ನು ತುಂಬಿ ಶುದ್ಧ ನೀರಿನಲ್ಲಿ ಇಳಿಬಿಡುತ್ತಾರೆ. ಉಪ್ಪು ಪೊರೆಯ ಸಣ್ಣ ರಂಧ್ರಗಳಿಂದ ಹೊರಗೆ ಹೋಗುತ್ತದೆ, ಪ್ರೋಟೀನು ದೊಡ್ಡದಾದ್ದರಿಂದ ಒಳಗೇ ಉಳಿಯುತ್ತದೆ. ನೀರು ಬದಲಾಯಿಸುತ್ತ ಎರಡು ದಿನ ಹೀಗೆ.

"ಅದಕ್ಕೇನಂತಾರೆ?" ಎಂದ ತಮ್ಮ.

ಹುಡುಗಿ ಒಂದು ಕ್ಷಣ ಸುಮ್ಮನಿದ್ದಳು. "ಡಯಾಲಿಸಿಸ್ ಅಂತಾನೇ ಅಪ್ಪ."

ಅವನು ನಕ್ಕುಬಿಟ್ಟ. ನಾವೂ ನಕ್ಕೆವು. 1943ರಲ್ಲಿ, ಜರ್ಮನರು ಹಾಲೆಂಡನ್ನು ಹಿಡಿದಿದ್ದ ಕಾಲದಲ್ಲಿ, ವಿಲ್ಲೆಮ್ ಕಾಲ್ಫ್ ಎಂಬ ಡಾಕ್ಟರು ಮನುಷ್ಯನ ರಕ್ತವನ್ನು ಹೊರಗೆ ತೊಳೆಯುವ ಮೊದಲ ಯಂತ್ರ ಕಟ್ಟಿದ್ದು ಇದೇ ಉಪಾಯದಿಂದಂತೆ. ಅವನಿಗೆ ಸಿಕ್ಕ ಪೊರೆ, ಮಾಂಸದ ತಿನಿಸು ತುಂಬುವ ಸೆಲೊಫೇನ್ ಕೊಳವೆ. ತಮ್ಮನ ತೋಳಿಗೆ ಸೂಜಿ ಚುಚ್ಚಿ ನಡೆಸುವುದೂ ಅದೇ, ಮಗಳು ಪ್ರಯೋಗಶಾಲೆಯಲ್ಲಿ ರೇಷ್ಮೆಗೆ ಮಾಡುವುದೂ ಅದೇ.

ಹೀಗೆ ಶುದ್ಧವಾದ ರೇಷ್ಮೆಯ ನೀರು ತಕ್ಕ ಹದದಲ್ಲಿ ಗಟ್ಟಿಯಾಗಿ ಲೋಳೆಯಂತೆ ಕೂತುಕೊಳ್ಳುತ್ತದೆ. ಅದನ್ನು ಹೈಡ್ರೊಜೆಲ್ ಎನ್ನುತ್ತಾರೆ. ನಾನು ಕನ್ನಡ ಟೀಚರಾಗಿದ್ದವಳು, ನನ್ನ ವಿಜ್ಞಾನ ಹತ್ತನೆಯ ತರಗತಿಗೆ ಮುಗಿಯಿತು. ಅವಳು ನನಗೆ ಅಡಿಗೆಮನೆಯ ಭಾಷೆಯಲ್ಲೇ ಹೇಳಿದಳು. ಕಾಮಕಸ್ತೂರಿ ಬೀಜ ನೆನೆಹಾಕಿದರೆ ಸುತ್ತ ಒಂದು ಪಾರದರ್ಶಕ ಲೋಳೆ ಉಬ್ಬುತ್ತದಲ್ಲ, ಅದು ಹೈಡ್ರೊಜೆಲ್. ಒಳಗೆ ಕಣ್ಣಿಗೆ ಕಾಣದ ಎಳೆಗಳ ಬಲೆ, ಬಲೆಯ ತುಂಬ ನೀರು. ಹಿಂಡಿದರೆ ಸುಲಭವಾಗಿ ನೀರು ಬಿಡದು. ಒಟ್ಟೋ ವಿಖ್ಟರ್ಲೆ ಎಂಬ ಚೆಕೊಸ್ಲೊವಾಕಿಯಾದ ವಿಜ್ಞಾನಿ ತನ್ನ ಸಂಗಡಿಗನ ಜೊತೆ ಇಂಥ ಲೋಳೆಯನ್ನು ಮನುಷ್ಯನ ಶರೀರದಲ್ಲಿ ಬಳಸಬಹುದೆಂದು 1960ರಲ್ಲಿ ಬರೆದ. ಮರುವರ್ಷದ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಯಂತ್ರ ಜೋಡಿಸಿ ಮನೆಯಲ್ಲೇ ಕಣ್ಣಿನ ಮೆತ್ತನೆಯ ಲೆನ್ಸು ಮಾಡಿದ. ಈಗ ಕಾಲೇಜು ಹುಡುಗಿಯರು ಕನ್ನಡಕ ಬಿಟ್ಟು ಕಣ್ಣಿಗೆ ಅಂಟಿಸಿಕೊಳ್ಳುವುದು ಅದರ ವಂಶದ್ದನ್ನೇ.

ಇವಳು ಈ ಲೋಳೆಯೊಳಗೆ ಬೆಳೆಸುವುದು ಮೂತ್ರಪಿಂಡದ ಜೀವಕೋಶಗಳನ್ನು. ಕೋಶಗಳನ್ನು ಗಟ್ಟಿ ಪ್ಲಾಸ್ಟಿಕ್ ತಟ್ಟೆಯ ಮೇಲೆ ಬಿಟ್ಟರೆ ಚಪ್ಪಟೆಯಾಗಿ ಹರಡುತ್ತವೆ, ತಾವು ಯಾರೆಂಬುದನ್ನು ಮರೆಯುತ್ತ ಹೋಗುತ್ತವೆ. ಮೆತ್ತನೆಯ ಲೋಳೆಯಲ್ಲಿ ನಾಲ್ಕು ಕಡೆಯಿಂದ ಆಸರೆ ಸಿಕ್ಕಿದರೆ ಒಂದನ್ನೊಂದು ಹುಡುಕಿಕೊಂಡು ದುಂಡಗೆ ಸೇರಿ, ನಡುವೆ ಟೊಳ್ಳು ಬಿಟ್ಟು ಸಣ್ಣ ಕೊಳವೆ ಕಟ್ಟುತ್ತವೆ. ಯಾರೂ ಹೇಳಿಕೊಡುವುದಿಲ್ಲ. ರೇಷ್ಮೆಯ ಹಂದರದಲ್ಲಿ ಮೂತ್ರಪಿಂಡದ ಕೋಶಗಳನ್ನು ಬೆಳೆಸಿದ ವರದಿಯನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲೇ ಪ್ರಕಟಿಸಿದ್ದಾರಂತೆ.

"ನಮ್ಮ ಕಡೆ ದ್ರಾಕ್ಷಿಗೆ ಹಾಕೋ ಚಪ್ಪರದ ಹಾಗಾ?" ಎಂದೆ.

"ಚಪ್ಪರ ಉಳಿಯುತ್ತಲ್ಲ ಅತ್ತೆ. ಇದು ತಾರಸಿ ಹಾಕೋವಾಗ ಹೊಡೆಯೋ ಸೆಂಟ್ರಿಂಗ್ ಹಾಗೆ. ಕೋಶಗಳು ತಮ್ಮ ಗೋಡೆ ತಾವು ಕಟ್ಟಿಕೊಳ್ಳೋ ತನಕ ಇರಬೇಕು, ಆಮೇಲೆ ಕರಗಿ ಹೋಗಬೇಕು. ಬೇಗ ಕರಗಿದ್ರೂ ಕಷ್ಟ, ಕರಗದೆ ಇದ್ರೂ ಕಷ್ಟ."

ಇದನ್ನು ಓದುತ್ತಿರುವ ನಿಮಗೆ ಇಲ್ಲೊಂದು ಉಪಮೆ ಹೊಳೆದಿರಬಹುದು. ನನಗೂ ಹೊಳೆಯಿತು. ತಾಯಿಯಂತೆ, ಹೆಣ್ಣಿನಂತೆ, ಎಲ್ಲರಿಗೂ ಆಸರೆಯಾಗಿ ನಿಂತು ಕರಗಿಹೋಗುವವಳು. ನಮ್ಮ ಶಾಲೆಯ ವಾರ್ಷಿಕೋತ್ಸವದ ಭಾಷಣಕ್ಕೆ ಹೇಳಿಮಾಡಿಸಿದ ಮಾತು. ಆದರೆ ಬರೆಯಲು ಕೂತಾಗ ಕೈ ತಡೆಯಿತು. ಲೋಳೆಯನ್ನು ಯಾರೂ "ಕರಗುತ್ತೀಯಾ?" ಎಂದು ಕೇಳುವುದಿಲ್ಲ. ಈ ಹೊಗಳಿಕೆಯಿಂದ ಎಷ್ಟು ಹೆಂಗಸರ ಬಾಯಿ ಕಟ್ಟಿದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಅಂದು ಹುಡುಗಿ ಡಬ್ಬದ ಮುಚ್ಚಳ ಹಾಕುತ್ತ ಇನ್ನೊಂದು ಮಾತು ಹೇಳಿದಳು. "ಇದು ಒಂದಿನ ಆಗಿಬಿಟ್ರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಅಲ್ವಾ ಅತ್ತೆ? ಅಜ್ಜಿ ಕೊಡಬೇಕಾಗ್ತಿರಲಿಲ್ಲ." ಅವಳಿಗೆ ಗೊತ್ತಿರುವುದು ಅಷ್ಟೇ, ಅಜ್ಜಿ ಕೊಟ್ಟಳು ಎಂಬುದು. ಅಜ್ಜಿಗಿಂತ ಮೊದಲು ಮನೆಯವರು ಕೇಳಿದ್ದು ಈ ಅತ್ತೆಯನ್ನು ಎಂಬುದು ಅವಳಿಗೆ ಗೊತ್ತಿಲ್ಲ.

2003ರ ಮಾತು. ಆಗ ತಮ್ಮನಿಗೆ ಮೂವತ್ತಮೂರು. ಇವಳಿನ್ನೂ ಎರಡು ವರ್ಷದ ಕೂಸು. ಅವನ ಎರಡೂ ಮೂತ್ರಪಿಂಡ ಸೋತಿವೆ, ಬೇರೆ ಹಾಕಿಸುವುದೇ ಒಳ್ಳೆಯದೆಂದು ಡಾಕ್ಟರು ಹೇಳಿದರು. ಅವನ ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಹೊಂದುವವರು ಅಣ್ಣ, ನಾನು ಮತ್ತು ಅಮ್ಮ. ಅಮ್ಮನಿಗೆ ಆಗಲೇ ಐವತ್ತೆಂಟು. ಅಣ್ಣನಿಗೆ ನಲವತ್ತೆರಡು, ಒಳ್ಳೆ ಕಟ್ಟುಮಸ್ತು ಆಳು. ಆದರೆ ಅಣ್ಣನ ಹೆಸರನ್ನು ಯಾರೂ ಎತ್ತಲೇ ಇಲ್ಲ. ಹೀಗೆ ನಾನು ಹೇಳುವುದು ಅವನ ಮೇಲಿನ ಸಿಟ್ಟಿನಿಂದಲ್ಲ. ಅವನು ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವ ಸಂದರ್ಭವೇ ಅವನಿಗೆ ಬರಲಿಲ್ಲ. "ದುಡಿಯೋ ಗಂಡಸು" ಎಂಬ ಒಂದು ಮಾತಿನಲ್ಲಿ ಅದು ಮುಗಿದಿತ್ತು. ನಾನೂ ಸಂಬಳ ತರುತ್ತಿದ್ದೆ ಎಂಬುದು ಆ ಹೊತ್ತಿಗೆ ಯಾರಿಗೂ, ನನಗೂ ಸಹ, ನೆನಪಾಗಲಿಲ್ಲ.

ಚಿಕ್ಕಪ್ಪ ಒಂದು ಸಂಜೆ ಬಂದು ಕಾಫಿ ಕುಡಿದು, "ನೀನು ಮನಸ್ಸು ಮಾಡಬೇಕಮ್ಮ" ಎಂದರು. ಮನೆಯವರನ್ನು ಕೇಳಿದರೆ, "ನಿನ್ನಿಷ್ಟ" ಎಂದರು. ಒಳ್ಳೆಯವರು, ಬಲವಂತ ಮಾಡುವವರಲ್ಲ. ಆದರೆ "ನಿನ್ನಿಷ್ಟ" ಎನ್ನುವುದರಲ್ಲಿ ಎಷ್ಟು ಒಂಟಿತನವಿದೆ ಎಂಬುದು ಆವತ್ತು ಗೊತ್ತಾಯಿತು. ನನ್ನ ಮಗನಿಗೆ ಆಗ ಒಂಬತ್ತು ವರ್ಷ. ಒಂದೇ ಮೂತ್ರಪಿಂಡದಲ್ಲಿ ಬದುಕಬಹುದು, ಉಳಿದದ್ದೇ ಸ್ವಲ್ಪ ಹಿಗ್ಗಿ ಎರಡರ ಕೆಲಸ ನಿಭಾಯಿಸುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ಬುದ್ಧಿಗೆ ಅರ್ಥವಾಗಿತ್ತು. ರಾತ್ರಿ ಪಕ್ಕಕ್ಕೆ ಹೊರಳಿದರೆ ಮಾತ್ರ ಕೈ ತಾನಾಗಿ ಸೊಂಟದ ಮೇಲೆ ಹೋಗುತ್ತಿತ್ತು. ನಾನು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ಪರೀಕ್ಷೆ ಮುಗಿಯಲಿ, ಪೇಪರ್ ತಿದ್ದಿ ಆಗಲಿ ಎಂದು ದಿನ ದೂಡಿದೆ. ಹದಿನೇಳು ದಿನ.

ಹದಿನೆಂಟನೆಯ ದಿನ ಅಮ್ಮ ಯಾರಿಗೂ ಹೇಳದೆ ಪಕ್ಕದ ಮನೆಯಾಕೆಯನ್ನು ಜೊತೆ ಮಾಡಿಕೊಂಡು ಬೆಂಗಳೂರಿಗೆ ಹೋಗಿ ಡಾಕ್ಟರನ್ನು ಕಂಡು ಬಂದಳು. ನನ್ನದೇ ತೆಗೆದುಕೊಳ್ಳಿ ಎಂದಳಂತೆ. ಕೊಡುವವರನ್ನು ಒಬ್ಬೊಬ್ಬರನ್ನೇ ಕೂರಿಸಿ ಕೇಳುವ ಪದ್ಧತಿ ಉಂಟಲ್ಲ, "ಯಾರಾದರೂ ಒತ್ತಾಯ ಮಾಡಿದರಾ ತಾಯಿ?" ಎಂದು ಕೇಳಿದ್ದಕ್ಕೆ ಅಮ್ಮ, "ಒತ್ತಾಯ ಅಂದ್ರೇನು ಸ್ವಾಮಿ, ಹೆತ್ತಿಲ್ವಾ?" ಎಂದಳಂತೆ. ಅದನ್ನು ಊರೆಲ್ಲ ಹೇಳಿಕೊಂಡು ಕಣ್ಣೊರೆಸಿಕೊಂಡಿತು. ನನಗೆ ಮಾತ್ರ ಆ ಉತ್ತರದಲ್ಲಿ ಪ್ರಶ್ನೆಗೆ ಉತ್ತರವಿಲ್ಲ ಎನ್ನಿಸಿತು.

ಅಮ್ಮನ ಮೂತ್ರಪಿಂಡ ತಮ್ಮನಲ್ಲಿ ಹದಿನಾರು ವರ್ಷ ದುಡಿಯಿತು. ಅಮ್ಮ 2016ರಲ್ಲಿ ಹೋದಳು, ಬೇರೆ ಕಾಯಿಲೆಯಿಂದ. ಅವಳು ಹೋದ ಮೇಲೂ ಅವಳ ಒಂದು ಚೂರು ಮೂರು ವರ್ಷ ಅವನ ಹೊಟ್ಟೆಯಲ್ಲಿ ಹಗಲೂ ರಾತ್ರಿ ಕೆಲಸ ಮಾಡುತ್ತಲೇ ಇತ್ತು. ತಿಥಿಯ ದಿನ ಅವನು ಪಿಂಡ ಇಡುವಾಗ ನಾನು ಅದನ್ನೇ ಯೋಚಿಸುತ್ತಿದ್ದೆ. 2019ರಲ್ಲಿ ಅದೂ ಸೋತಿತು.

ಲೋಕದಲ್ಲಿ ಗೆದ್ದ ಮೊದಲ ಮೂತ್ರಪಿಂಡದ ಕಸಿ 1954ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ನಡೆಯಿತು. ರೊನಾಲ್ಡ್ ಹೆರಿಕ್ ಎಂಬಾತ ತನ್ನ ಅವಳಿ ಸೋದರ ರಿಚರ್ಡನಿಗೆ ಕೊಟ್ಟ. ಜೋಸೆಫ್ ಮರ‍್ರೆ ಎಂಬ ಶಸ್ತ್ರವೈದ್ಯರು ಚಾಕು ಹಿಡಿಯುವ ಮೊದಲು ಪಾದ್ರಿಗಳನ್ನೂ ವಕೀಲರನ್ನೂ ಕೇಳಿದರು. ಆರೋಗ್ಯವಾಗಿರುವ ಒಬ್ಬನನ್ನು, ಅವನಿಗೆ ಯಾವ ಲಾಭವೂ ಇಲ್ಲದೆ, ಕೊಯ್ಯಬಹುದೆ ಎಂದು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ರಿಚರ್ಡ್ ಒಂದು ಚೀಟಿ ಕಳಿಸಿದನಂತೆ, ಎದ್ದು ಮನೆಗೆ ಹೋಗಿಬಿಡು ಎಂದು. ಇಲ್ಲಿದ್ದೇನೆ, ಇಲ್ಲೇ ಇರುತ್ತೇನೆ ಎಂದು ರೊನಾಲ್ಡ್ ತಿರುಗಿ ಬರೆದ. ಇದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಕೊಡುವವನ ಬಗ್ಗೆ ಅಲ್ಲ, ಆ ಚೀಟಿಯ ಬಗ್ಗೆ. ಬೇಡ ಎನ್ನುವ ಒಂದು ಅವಕಾಶವನ್ನು ಬೇಕಾದವನೇ ಕೊಟ್ಟರೆ, ಆಮೇಲೆ ಕೊಡುವುದು ಎಷ್ಟು ಹಗುರ! ನನ್ನ ತಮ್ಮ ನನ್ನನ್ನು ಕೇಳಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನಾದರೂ ಏನು ಹೇಳಬಹುದಿತ್ತು?

ನಮ್ಮ ದೇಶದಲ್ಲಿ 1994ರ ಕಾಯಿದೆ ಬಂದ ಮೇಲೆ ಅಂಗವನ್ನು ಮಾರುವುದು ಅಪರಾಧ. ಅದಕ್ಕೆ ಮೊದಲು ಬೆಂಗಳೂರೂ ಆ ವ್ಯಾಪಾರಕ್ಕೆ ಹೆಸರು ಕೆಡಿಸಿಕೊಂಡಿತ್ತು. 1995ರ ಹಗರಣದ ಸುದ್ದಿ ಪತ್ರಿಕೆಯಲ್ಲಿ ಓದಿದವರಿಗೆ ನೆನಪಿರಬಹುದು. ಕಾಯಿದೆ ದುಡ್ಡನ್ನು ಹೊರಗಿಟ್ಟು, ಪ್ರೀತಿಯಿಂದ ಕೊಡುವುದಾದರೆ ಕೊಡಿ ಎಂದಿತು. ಹತ್ತಿರದ ಬಂಧುಗಳು ಕೊಡಬಹುದು ಎಂದಿತು. ಸರಿಯೇ. ಆದರೆ ಮನೆಯೊಳಗಿನ ಪ್ರೀತಿಗೂ ಒಂದು ಇಳಿಜಾರಿದೆ, ನೀರು ಯಾವಾಗಲೂ ಒಂದೇ ಕಡೆ ಹರಿಯುತ್ತದೆ. 1995ರಿಂದ 2021ರವರೆಗೆ ದೇಶದಲ್ಲಿ ನಡೆದ ಅಂಗಗಳ ಕಸಿಯಲ್ಲಿ ಐದರಲ್ಲಿ ನಾಲ್ಕು ಗಂಡಸರಿಗೆ ಆದದ್ದು ಎಂದು ಸರ್ಕಾರದ ಲೆಕ್ಕ. ಬದುಕಿದ್ದು ಕೊಟ್ಟವರಲ್ಲಿ ಬಹುಪಾಲು ಹೆಂಗಸರು. ಹೆಂಡತಿಯರು, ಅಮ್ಮಂದಿರು, ಅಕ್ಕಂದಿರು. ಅವರೆಲ್ಲರೂ ಅಳುತ್ತ ಕೊಟ್ಟರು ಎಂದು ನಾನು ಹೇಳಲಾರೆ. ಅನೇಕರು ಸಂತೋಷದಿಂದಲೇ ಕೊಟ್ಟಿದ್ದಾರು. ನನಗೆ ಬಿಡಿಸಲಾಗದ್ದು ಇಷ್ಟು: ಇಲ್ಲ ಎನ್ನಲು ಬಾಯಿಯೇ ಇಲ್ಲದವಳು ಹೂಂ ಎಂದರೆ ಅದಕ್ಕೆ ದಾನ ಎನ್ನಬಹುದೆ?

ಅಮ್ಮನದು ದಾನವೇ ಎಂದು ಈಗ ನನಗೆ ಅನ್ನಿಸುತ್ತದೆ. ಆದರೆ ಊರು ತಿಳಿದ ರೀತಿಯಲ್ಲಲ್ಲ. ಅವಳು ಆ ದಿನವೇ ಬಸ್ಸು ಹತ್ತಿದ್ದು ಯಾಕೆ? ಮೊದಲ ದಿನವೇ ಹೋಗಬಹುದಿತ್ತು. ಹದಿನೇಳು ದಿನ ಅವಳು ನನ್ನ ಮುಖ ನೋಡುತ್ತಿದ್ದಳು. ಗೂಡನ್ನು ಅಲ್ಲಾಡಿಸಿ ಒಳಗೆ ಏನಿದೆ ಎಂದು ತಿಳಿಯುವವಳು. ಮಗನಿಗೆ ಅಂಗ ಕೊಟ್ಟಳು, ಮಗಳಿಗೆ ಬಿಡುಗಡೆ ಕೊಟ್ಟಳು. ಎರಡನೆಯದನ್ನು ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾನು ತಲೆ ಬಾಚುತ್ತ ಅಳುತ್ತಿದ್ದರೆ, "ನಿನ್ ಪೇಪರ್ ತಿದ್ದಾಯ್ತಾ?" ಎಂದಳು, ಅಷ್ಟೇ. ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ಎಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತೂಗಿದ್ದೇನೆ. ಒಮ್ಮೆ ಇತ್ತು ಅನ್ನಿಸುತ್ತದೆ, ಒಮ್ಮೆ ಇಲ್ಲ.

ಹಾಗಾಗಿ ಹುಡುಗಿ "ಯಾರೂ ಯಾರನ್ನೂ ಕೇಳಬೇಕಾಗಿಲ್ಲ" ಎಂದಾಗ ಮೊದಲು ಬಂದದ್ದು ನೆಮ್ಮದಿ. ಆ ಲೋಳೆಯಿಂದ ಒಂದು ಮೂತ್ರಪಿಂಡ ಎದ್ದು ಬರುವಂತಾದರೆ ನನ್ನ ಹದಿನೇಳು ದಿನಗಳು ಅಳಿಸಿಹೋಗುತ್ತವೆ ಎಂಬ ಮೂರ್ಖ ನೆಮ್ಮದಿ. ಆಮೇಲೆ ಅವಳನ್ನೇ ಕೂರಿಸಿ ಕೇಳಿದೆ, ಯಾವಾಗ ಆಗುತ್ತದೆ ಎಂದು. ಅವಳು ಸುಳ್ಳು ಹೇಳುವವಳಲ್ಲ. ಒಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಕೊಳವೆಗಳು. ಅವೆಲ್ಲ ಹೊಟ್ಟೆಯಲ್ಲಿರುವಾಗಲೇ ಕಟ್ಟಿ ಮುಗಿಯುತ್ತವೆ, ಹುಟ್ಟಿದ ಮೇಲೆ ಹೊಸದು ಒಂದೂ ಬರುವುದಿಲ್ಲ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರು ಸೋಸಿ, ಒಂದೂವರೆ ಎರಡು ಲೀಟರು ಬಿಟ್ಟು ಉಳಿದದ್ದನ್ನೆಲ್ಲ ವಾಪಸು ಹೀರಿಕೊಳ್ಳುತ್ತವೆ. 2015ರಲ್ಲಿ ಆಸ್ಟ್ರೇಲಿಯಾದ ಮೆಲಿಸಾ ಲಿಟಲ್ ಮತ್ತು ಸಂಗಡಿಗರು ಮೂಲಕೋಶಗಳಿಂದ ಪುಟ್ಟ ಮೂತ್ರಪಿಂಡದಂಥದ್ದನ್ನು ಬೆಳೆಸಿ ತೋರಿಸಿದರು. ಭ್ರೂಣದ ಮೂತ್ರಪಿಂಡದ ಮಟ್ಟದ್ದು, ಕಾಳಿನಷ್ಟು ಗಾತ್ರ. ಅದಕ್ಕೆ ಸರಿಯಾದ ರಕ್ತನಾಳ ಕೂಡಿಸುವುದು, ಮೂತ್ರ ಹೊರಗೆ ಹೋಗಲು ದಾರಿ ಮಾಡುವುದು ಇನ್ನೂ ಕಗ್ಗಂಟು. ಸದ್ಯಕ್ಕೆ ಇಂಥವು ಉಪಯೋಗಕ್ಕೆ ಬರುತ್ತಿರುವುದು ಔಷಧಿಗಳನ್ನು ಪರೀಕ್ಷಿಸಲು, ಕಾಯಿಲೆಯ ಗುಟ್ಟು ತಿಳಿಯಲು. "ಅಪ್ಪನಿಗೆ ಇದು ಸಿಗಲ್ಲ ಅತ್ತೆ" ಎಂದಳು ಮೆಲ್ಲಗೆ. ಒಳಗಿನ ಕೋಣೆಯಲ್ಲಿ ಅವನು ನಿದ್ದೆ ಮಾಡುತ್ತಿದ್ದ, ಅಥವಾ ಮಾಡಿದಂತೆ ಇದ್ದ.

ಆಗುವುದೇ ಆದರೂ ಇನ್ನೊಂದು ಅನುಮಾನ. ತಮ್ಮನನ್ನು ಕರೆದುಕೊಂಡು ಹೋಗುವಾಗ ಡಯಾಲಿಸಿಸ್ ಕೋಣೆಯ ಹೊರಗೆ ನನಗೆ ಒಬ್ಬಾಕೆ ಪರಿಚಯ. ಹೊಸಕೋಟೆ ಕಡೆಯವಳು, ಮಗಳ ಮನೆಯಲ್ಲಿದ್ದು ಇಲ್ಲಿಗೆ ಬರುತ್ತಾಳೆ. ನಲವತ್ತೈದಿರಬಹುದು. "ನಿಮ್ಮನೇಲಿ ಯಾರದಾದ್ರೂ ಹೊಂದ್ಲಿಲ್ವಾ?" ಎಂದೆ. "ಹೊಂದುತ್ತೋ ಇಲ್ವೋ ನೋಡಿಸ್ಲೇ ಇಲ್ಲ ಕಣಕ್ಕ" ಎಂದು ನಕ್ಕಳು. ಹೂವಿನ ಬೆಲೆ ಹೇಳುವಷ್ಟು ಸಲೀಸಾಗಿ. ನಾಳೆ ರೇಷ್ಮೆಯ ಲೋಳೆಯಲ್ಲಿ ಬೆಳೆದ ಮೂತ್ರಪಿಂಡ ಅಂಗಡಿಗೆ ಬಂದೀತು, ಅದಕ್ಕೊಂದು ಬೆಲೆ ಇದ್ದೀತು. ಕೊಡುವ ಕಷ್ಟದಿಂದ ಹೆಂಗಸರು ಪಾರಾದಾರು. ಆದರೆ ಈಕೆಗೆ ಒಂದು ತಂದುಕೊಡಲು ಯಾರು ಜಮೀನು ಅಡವಿಡುತ್ತಾರೆ? ಅದನ್ನು ಯಾವ ಪ್ರಯೋಗಶಾಲೆಯಲ್ಲೂ ಬೆಳೆಸಲಾಗದು.

ಗೂಡಿನ ಒಳಗಿನ ಹುಳುವಿನ ಮಾತನ್ನೂ ಬಿಡುವ ಹಾಗಿಲ್ಲ. ಹುಡುಗಿ ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಗೂಡು ಕತ್ತರಿಸಿ ತೋರಿಸಿದಾಗ ಕಂದು ಬಣ್ಣದ ಕೋಶ ತಟ್ಟೆಗೆ ಬಿದ್ದು ಬಾಲ ಆಡಿಸಿತು. ಸಾವಿರ ಮೀಟರಿನ ಆಸುಪಾಸು ಎಳೆಯನ್ನು ತನಗಾಗಿ ಸುತ್ತಿಕೊಂಡದ್ದು. ನನ್ನ ಬೀರುವಿನಲ್ಲಿ ಹದಿಮೂರು ರೇಷ್ಮೆ ಸೀರೆಗಳಿವೆ, ಒಂದೊಂದರಲ್ಲೂ ಇಂಥವು ಸಾವಿರಾರು. ಯಾವತ್ತೂ ಬಾಧೆಯಾಗದಿದ್ದದ್ದು ಆ ಒಂದನ್ನು ನೋಡಿ ಆಯಿತು. ತಮ್ಮ ಬದುಕುವುದಾದರೆ ಇಡೀ ಚಂದ್ರಿಕೆಯನ್ನೇ ಕೊಡುತ್ತೇನೆ, ಅದರಲ್ಲಿ ನನಗೆ ಅಳುಕಿಲ್ಲ. ಬೇರೆಯವರದ್ದನ್ನು ಕೊಡುವುದು ಎಷ್ಟು ಸುಲಭ ಎಂದು ಮಾತ್ರ ಬೆರಗಾಯಿತು.

ಅವಳು ಡಬ್ಬ ತುಂಬಿಕೊಂಡು ಹೋದ ಮೇಲೆ ನಾನೊಂದು ಕೆಲಸ ಮಾಡಿದೆ. ಮನೆಯವರಿಗೆ ಗೆಳತಿಯ ಮನೆಯ ಸತ್ಯನಾರಾಯಣ ಪೂಜೆ ಎಂದು ಹೇಳಿ ಬೆಂಗಳೂರಿಗೆ ಹೋಗಿ ರಕ್ತ, ಮೂತ್ರ, ಸ್ಕ್ಯಾನು ಎಲ್ಲ ಮಾಡಿಸಿಕೊಂಡು ಬಂದೆ. ತಮ್ಮನ ಹೆಸರು ರಾಜ್ಯದ ಜೀವಸಾರ್ಥಕತೆಯ ಪಟ್ಟಿಯಲ್ಲಿದೆ, ಆದರೆ ಪಟ್ಟಿ ಉದ್ದ. ನನಗೆ ಅರವತ್ತು ದಾಟಿದೆ, ಎಂಟು ವರ್ಷದಿಂದ ರಕ್ತದ ಒತ್ತಡಕ್ಕೆ ಮಾತ್ರೆ ನುಂಗುತ್ತಿದ್ದೇನೆ. ಡಾಕ್ಟರು ವರದಿ ನೋಡಿ, "ಈ ವಯಸ್ಸಿಗೆ, ಈ ಬೀಪಿಗೆ, ನಾವು ಸಾಮಾನ್ಯವಾಗಿ ಒಪ್ಪಲ್ಲ ಮೇಡಂ. ಇನ್ನೂ ಎರಡು ಪರೀಕ್ಷೆ ಮಾಡಿಸಿ ನೋಡೋಣ ಅಂದ್ರೆ ನೋಡಬಹುದು" ಎಂದರು. ಒಪ್ಪುವುದಿಲ್ಲ ಎಂದು ಮೊದಲೇ ಗೊತ್ತಿದ್ದರಿಂದಲೇ ನಾನು ಹೋದೆನೋ? ಬಸ್ಸಿನಲ್ಲಿ ಯಲಹಂಕ ದಾಟುವವರೆಗೂ ಇದನ್ನೇ ಕೇಳಿಕೊಂಡೆ. ಹೌದು ಎನ್ನಲು ಧೈರ್ಯವಾಗಲಿಲ್ಲ, ಅಲ್ಲ ಎನ್ನಲು ನಾಚಿಕೆಯಾಯಿತು.

ಸಂಜೆ ತಮ್ಮನ ಮನೆಗೆ ಹೋದೆ. ಅವನು ಮಗ್ಗದ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಹರಿದ ಎಳೆಗೆ ಗಂಟು ಹಾಕಿಸುತ್ತಿದ್ದ. "ಎಲ್ಲಿಗ್ ಹೋಗಿದ್ದೆ ಅಕ್ಕ? ಪೂಜೆ ಚೆನ್ನಾಗಾಯ್ತಾ? ಪ್ರಸಾದ ತರ್ಲಿಲ್ವಾ?" ಎಂದ. ಮರೆತೆ ಎಂದೆ.

ವರದಿಯ ಲಕೋಟೆ ಬೀರುವಿನಲ್ಲಿ ಅಮ್ಮನ ಧಾರೆ ಸೀರೆಯ ಕೆಳಗಿದೆ. ಉಳಿದ ಎರಡು ಪರೀಕ್ಷೆಗೆ ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರಹೇಳಿದ್ದಾರೆ.